ಜನಾಂಗಗಳ ಗುರು ಕೊಮೇನಿಯಸ್

ಈ ಸ್ಮರಣ ಸಂಚಿಕೆಗೆ ಒಬ್ಬ ಮಹನೀಯನ ಚರಿತ್ರೆಯನ್ನು ಬರೆದುಕೊಡಬೇಕೆಂದು ನಮಗೆ ಅಪ್ಪಣೆಯಾಯಿತು. ಇದೇ ಶಾಲೆಯಲ್ಲಿ ಓದಿ, ಈಗ ಉಪಾಧ್ಯಾಯಿನಿಯರಾಗಲು ತರಬೇತಿ ಹೊಂದುತ್ತಿರುವ ನಮ್ಮ ಮನಸ್ಸಿನಲ್ಲಿ ಆಗ ಒಂದು ಪ್ರಶ್ನೆಯು ಸುಳಿದಾಡುತ್ತಿತ್ತು. ನಾವು ಕಲಿಯುತ್ತಿದ್ದಾಗ ಕರಿಹಲಗೆಯಿದ್ದ ಗೋಡೆಗಳ ಮೇಲೆ ಈಗ ಬೆಳಕಿನ ಪರದೆಗಳು ಬಂದಿವೆ; ಕಂಪ್ಯೂಟರೂ ಮೊಬೈಲೂ ಪಾಠ ಹೇಳುತ್ತಿವೆ. ಹೀಗಿರಲು ಉಪಾಧ್ಯಾಯಿನಿಗೆ ಉಳಿದಿರುವ ಕೆಲಸವಾದರೂ ಏನು? ಈ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ ಹೋದ ನಮಗೆ, ಮುನ್ನೂರೈವತ್ತು ವರ್ಷಗಳಿಗೂ ಹಿಂದೆ ತನ್ನ ಕಾಲದ ಹೊಸ ಸಾಧನವೊಂದನ್ನು ಮಕ್ಕಳ ಕೈಗೆ ಕೊಟ್ಟ ಜಾನ್ ಆಮೋಸ್ ಕೊಮೇನಿಯಸನ ಚರಿತ್ರೆಯು ದೊರೆಯಿತು. ಅದನ್ನೇ ವಾಚಕರ ಮುಂದೆ ಇಡುತ್ತೇವೆ.

ಕೊಮೇನಿಯಸನು 1592ನೆಯ ಇಸವಿ ಮಾರ್ಚ್ 28ರಂದು, ಈಗ ಚೆಕ್ ದೇಶಕ್ಕೆ ಸೇರಿರುವ ಮೊರೇವಿಯ ಪ್ರಾಂತದಲ್ಲಿ ಜನಿಸಿದನು. ಆತನ ಮನೆಯವರು ಬೊಹೀಮಿಯದ ಸಹೋದರರೆಂಬ ಚಿಕ್ಕ ಕ್ರೈಸ್ತ ಸಭೆಗೆ ಸೇರಿದವರು. ಹನ್ನೆರಡು ವರ್ಷ ತುಂಬುವಷ್ಟರಲ್ಲಿ ತಂದೆತಾಯಿಗಳಿಬ್ಬರನ್ನೂ ಕಳೆದುಕೊಂಡು ಬಾಲಕನು ಅನಾಥನಾದನು. ಲ್ಯಾಟಿನ್ ಶಾಲೆಯ ಮೆಟ್ಟಿಲನ್ನು ಹತ್ತಿದಾಗ ಆತನಿಗೆ ಹದಿನಾರು ವರ್ಷ. ತನಗಿಂತ ಚಿಕ್ಕವರ ನಡುವೆ ಕುಳಿತು ಕಲಿಯಬೇಕಾಗಿ ಬಂದ ಆ ಯುವಕನು, ಅರ್ಥವಾಗದ ವ್ಯಾಕರಣ ಸೂತ್ರಗಳನ್ನು ಬೆತ್ತದ ಭಯದಿಂದ ಬಾಯಿಪಾಠ ಮಾಡಿಸುವ ರೀತಿಯನ್ನು ಕಣ್ಣಾರೆ ಕಂಡನು. ಅಂತಹ ಶಾಲೆಗಳು ಮಕ್ಕಳ ಬುದ್ಧಿಯನ್ನು ಕೊಲ್ಲುವ ಸ್ಥಳಗಳೆಂದು ಮುಂದೆ ಆತನು ನಿರ್ದಾಕ್ಷಿಣ್ಯವಾಗಿ ಬರೆದನು.

ಜರ್ಮನಿಯ ಹೆರ್ಬೊರ್ನ್, ಹೈಡೆಲ್‌ಬರ್ಗ್ ನಗರಗಳಲ್ಲಿ ವಿದ್ಯಾಭ್ಯಾಸವನ್ನು ಮುಗಿಸಿ, 1614ರಲ್ಲಿ ತಾನು ಕಲಿತ ಪ್ರೆರೋವ್ ಶಾಲೆಗೇ ಉಪಾಧ್ಯಾಯನಾಗಿ ಬಂದನು. 1618ರಲ್ಲಿ ಫುಲ್ನೆಕ್ ಎಂಬ ಊರಿನ ಸಭಾಪಾಲಕನೂ ಶಾಲೆಯ ಮುಖ್ಯಸ್ಥನೂ ಆದನು. ಆದರೆ ಆ ವರ್ಷವೇ ಯೂರೋಪಿನಲ್ಲಿ ಮೂವತ್ತು ವರ್ಷಗಳ ಯುದ್ಧವು ಆರಂಭವಾಯಿತು. 1620ರ ನವೆಂಬರಿನಲ್ಲಿ ಬಿಳಿಬೆಟ್ಟದ ಕಾಳಗದಲ್ಲಿ ಬೊಹೀಮಿಯದವರು ಸೋತುಹೋಗಲು, ಸಹೋದರ ಸಭೆಯವರಿಗೆ ಸ್ವದೇಶದಲ್ಲಿ ನಿಲ್ಲಲು ನೆಲೆಯಿಲ್ಲದಾಯಿತು. ಕೊಮೇನಿಯಸನು ತಲೆಮರೆಸಿಕೊಂಡು ತಿರುಗುತ್ತಿದ್ದ ಕಾಲದಲ್ಲಿಯೇ, 1622ರಲ್ಲಿ, ಆತನ ಹೆಂಡತಿಯೂ ಇಬ್ಬರು ಮಕ್ಕಳೂ ಮಹಾಮಾರಿಗೆ ತುತ್ತಾದರು. 1628ರಲ್ಲಿ ಗಡಿ ದಾಟಿ ಪೋಲೆಂಡಿನ ಲೆಷ್ನೊ ಪಟ್ಟಣವನ್ನು ಸೇರಿದ ಆತನು ಮತ್ತೆಂದೂ ಹುಟ್ಟಿದ ನಾಡಿನಲ್ಲಿ ನೆಲಸಲಿಲ್ಲ.

ಇಂತಹ ದುಃಖಪೀಡಿತನು ದ್ವೇಷವನ್ನು ಬೆಳೆಸಿಕೊಂಡಿದ್ದರೆ ಆಶ್ಚರ್ಯವಿರುತ್ತಿರಲಿಲ್ಲ. ಕೊಮೇನಿಯಸನು ಮಕ್ಕಳ ಕಡೆಗೆ ತಿರುಗಿದನು. ಹಾಳಾದ ಲೋಕವನ್ನು ಮತ್ತೆ ಕಟ್ಟಬೇಕಾದರೆ ಶಾಲೆಯಿಂದಲೇ ಆರಂಭಿಸಬೇಕೆಂಬುದು ಆತನ ದೃಢ ನಂಬಿಕೆಯಾಯಿತು. ಲೆಷ್ನೊದಲ್ಲಿ ಪಾಠ ಹೇಳುತ್ತ, ಆತನು ಬೋಧನಕಲೆಯನ್ನು ಕುರಿತ ತನ್ನ ಮಹಾಗ್ರಂಥವನ್ನು ಬರೆದನು. ಬಡವ ಬಲ್ಲಿದರೆನ್ನದೆ, ಗಂಡು ಹೆಣ್ಣೆನ್ನದೆ ಎಲ್ಲ ಮಕ್ಕಳೂ ಶಾಲೆಗೆ ಬರಬೇಕು. ಮೊದಲು ತಾಯ್ನುಡಿಯಲ್ಲಿ ಕಲಿಯಬೇಕು. ಸುಲಭವಾದುದರಿಂದ ಕಠಿನವಾದುದಕ್ಕೆ ಹೆಜ್ಜೆಹೆಜ್ಜೆಯಾಗಿ ಸಾಗಬೇಕು ಎಂದು ಅದರಲ್ಲಿ ವಾದಿಸಿದನು. ಹೆಣ್ಣುಮಕ್ಕಳ ಬುದ್ಧಿಯು ಗಂಡುಮಕ್ಕಳ ಬುದ್ಧಿಗೆ ಕಡಿಮೆಯಾದುದಲ್ಲವೆಂದು ಆ ಕಾಲದಲ್ಲಿ ಬರೆದ ಈತನಿಗೆ ನಮ್ಮಂತಹ ಶಾಲೆಗಳೆಲ್ಲವೂ ಋಣಿಯಾಗಿವೆ. ಹುಟ್ಟಿದಂದಿನಿಂದ ಆರು ವರ್ಷದವರೆಗೆ ತಾಯಿಯ ಮಡಿಲೇ ಮಗುವಿನ ಪಾಠಶಾಲೆಯೆಂದು ತಿಳಿಸಿ, ತಾಯಂದಿರಿಗಾಗಿಯೇ ಬೇರೊಂದು ಪುಸ್ತಕವನ್ನೂ ರಚಿಸಿದನು. 1631ರಲ್ಲಿ ಅಚ್ಚಾದ ಆತನ ಲ್ಯಾಟಿನ್ ಪಾಠಪುಸ್ತಕವು ಸಾವಿರ ವಾಕ್ಯಗಳಲ್ಲಿ ಲೋಕದ ವಸ್ತುಗಳನ್ನೆಲ್ಲ ಪರಿಚಯಿಸುವಂತಹುದಾಗಿ, ಹಲವು ಭಾಷೆಗಳಿಗೆ ಪರಿವರ್ತಿತವಾಯಿತು. ಇಂಗ್ಲೆಂಡು ಸ್ವೀಡನ್ನುಗಳಿಂದ ಆತನಿಗೆ ಆಹ್ವಾನಗಳು ಬಂದವು.

ಆದರೆ ಈ ಮಹನೀಯನಲ್ಲಿಯೂ ಒಂದು ಅತ್ಯಾಶೆಯಿತ್ತು. ಅದನ್ನು ಮುಚ್ಚಿಡುವುದು ಸರಿಯಲ್ಲ. ಅಚ್ಚುಕೂಟವು ಪುಸ್ತಕಗಳನ್ನು ರಾಶಿರಾಶಿಯಾಗಿ ಹೊರತರುವುದನ್ನು ಕಂಡು ಮೋಹಗೊಂಡ ಆತನು, ಶಾಲೆಯೂ ಹಾಗೆಯೇ ನಡೆಯಬಹುದೆಂದು ಎಣಿಸಿದನು. ಮಕ್ಕಳೇ ಕಾಗದ, ಗುರುವಿನ ಧ್ವನಿಯೇ ಮಸಿ, ಪಾಠಪುಸ್ತಕವೇ ಅಚ್ಚಿನ ಮೊಳೆ. ಕ್ರಮವೊಂದು ಸರಿಯಾಗಿದ್ದರೆ ಒಬ್ಬನೇ ಉಪಾಧ್ಯಾಯನು ನೂರಾರು ಮಕ್ಕಳಿಗೆ ಏಕಕಾಲದಲ್ಲಿ ಕಲಿಸಬಲ್ಲನೆಂದು ಆ ಗ್ರಂಥದಲ್ಲಿಯೇ ಬರೆದಿದ್ದಾನೆ. ಒಂದೇ ಪಾಠವನ್ನು ಪರದೆಯ ಮೂಲಕ ಸಾವಿರ ಶಾಲೆಗಳಿಗೆ ಕಳುಹಿಸಿದರೆ ಸಾಕೆಂದು ಹೇಳುವವರ ಮಾತನ್ನು ಕೇಳುವಾಗಲೆಲ್ಲ ನಮಗೆ ಇದು ನೆನಪಾಗುತ್ತದೆ.

ಆತನ ಎಣಿಕೆಗೆ ಪರೀಕ್ಷೆಯು ಹಂಗೆರಿಯಲ್ಲಿ ಒದಗಿತು. ಜುಝನ್ನ ಲೋರಾಂಟ್ಫಿ ಎಂಬ ರಾಜಮಾತೆಯ ಮನೆತನದ ಕರೆಯಂತೆ, 1650ರಲ್ಲಿ ಕೊಮೇನಿಯಸನು ಶಾರೋಷ್‌ಪತಾಕ್ ಎಂಬಲ್ಲಿಗೆ ಹೋಗಿ ಏಳು ತರಗತಿಗಳ ಮಾದರಿ ಶಾಲೆಯನ್ನು ಯೋಜಿಸಿದನು. ಆರಂಭವಾದುವು ಮೂರೇ ತರಗತಿಗಳು. ಹಳೆಯ ಪದ್ಧತಿಗೆ ಒಗ್ಗಿಹೋಗಿದ್ದವರಿಗೆ ಹೊಸ ಕ್ರಮದಲ್ಲಿ ಉತ್ಸಾಹವಿರಲಿಲ್ಲ. ಕಾಗದದಂತೆ ಸುಮ್ಮನೆ ಬಿದ್ದುಕೊಂಡು ಅಚ್ಚೊತ್ತಿಸಿಕೊಳ್ಳುವ ಮಕ್ಕಳು ಎಲ್ಲಿಯೂ ಇಲ್ಲವಷ್ಟೆ! ಆಗ ಆತನು ಎರಡು ಹೊಸ ಉಪಾಯಗಳನ್ನು ಮಾಡಿದನು. ಒಂದು, ಪಾಠಗಳನ್ನೇ ನಾಟಕಗಳನ್ನಾಗಿ ಬರೆದು ಮಕ್ಕಳಿಂದ ಆಡಿಸಿದುದು. ಮತ್ತೊಂದು, ಪ್ರಪಂಚವನ್ನು ಚಿತ್ರಗಳಲ್ಲಿ ತೋರಿಸುವ ಪುಸ್ತಕವನ್ನು ರಚಿಸಿದುದು. ಚಿತ್ರಗಳನ್ನು ಮರದಲ್ಲಿ ಕೆತ್ತುವ ಕುಶಲಿಗಳು ಅಲ್ಲಿ ದೊರೆಯದೆ ಹೋದುದರಿಂದ ಪುಸ್ತಕವು ಜರ್ಮನಿಯ ನ್ಯೂರೆಂಬರ್ಗಿಗೆ ಹೋಗಿ, 1658ರಲ್ಲಿ ಬೆಳಕನ್ನು ಕಂಡಿತು.

ಈ ಪುಸ್ತಕದಲ್ಲಿ ಸುಮಾರು 150 ಪಾಠಗಳಿವೆ. ಪಾಠಕ್ಕೊಂದು ಚಿತ್ರ, ಚಿತ್ರದೊಳಗಿನ ವಸ್ತುಗಳಿಗೆ ಅಂಕಿಗಳು, ಅದೇ ಅಂಕಿಗಳೊಡನೆ ಲ್ಯಾಟಿನ್ನಿನಲ್ಲಿಯೂ ಜರ್ಮನ್ ಭಾಷೆಯಲ್ಲಿಯೂ ಅವುಗಳ ಹೆಸರುಗಳು. ಕಾಗೆಯ ಕೂಗು, ಕುರಿಮರಿಯ ದನಿ ಮುಂತಾದುವುಗಳಿಂದಲೇ ಮಗುವು ಅಕ್ಷರಗಳನ್ನು ಕಲಿಯುತ್ತದೆ. ಮುಂದೆ ಆಕಾಶ, ಬೆಂಕಿ, ಹೂದೋಟ, ರೊಟ್ಟಿ ಸುಡುವವನು, ನೇಯುವವನು, ಮಕ್ಕಳ ಆಟಗಳು, ಕೊನೆಗೆ ಅಚ್ಚುಕೂಟವೂ ಕೂಡ ಅಲ್ಲಿ ಕಾಣಿಸುತ್ತವೆ. ಮರುವರ್ಷವೇ ಲಂಡನ್ನಿನಲ್ಲಿ ಇಂಗ್ಲಿಷ್ ಪರಿವರ್ತನೆಯು ಹೊರಟಿತು. ಮುಂದಿನ ಶತಮಾನದಲ್ಲಿ ಜರ್ಮನ್ ಕವಿ ಗಯಟೆಯೂ ಬಾಲ್ಯದಲ್ಲಿ ಇದನ್ನು ನೋಡಿ ಬೆಳೆದನು.

ಇಷ್ಟು ಸಾಧಿಸಿದವನು ತನ್ನ ಚಿತ್ರಗಳೇ ಸಾಕೆಂದು ಹೇಳಬಹುದಾಗಿತ್ತು. ಆದರೆ ಹಾಗೆ ಹೇಳಲಿಲ್ಲ. ಬಣ್ಣವನ್ನೂ ರುಚಿಯನ್ನೂ ಮಸಿಯಿಂದ ಅಚ್ಚುಹಾಕಲಾಗದೆಂದು ಆ ಪುಸ್ತಕದ ಮುನ್ನುಡಿಯಲ್ಲಿಯೇ ಒಪ್ಪಿಕೊಂಡು, ಅಂತಹ ವಸ್ತುಗಳನ್ನು ಪ್ರತ್ಯಕ್ಷವಾಗಿ ಮಕ್ಕಳಿಗೆ ತೋರಿಸಬೇಕೆಂದೂ, ಮನೆಯಲ್ಲಿ ಕಾಣದ ಅಪರೂಪದ ಪದಾರ್ಥಗಳನ್ನು ದೊಡ್ಡ ಶಾಲೆಗಳಲ್ಲಿ ಸಂಗ್ರಹಿಸಿಡಬೇಕೆಂದೂ, ಮಕ್ಕಳು ಚಿತ್ರಗಳನ್ನು ತಮ್ಮ ಕೈಯಿಂದಲೇ ಬರೆಯಲು ಬಿಡಬೇಕೆಂದೂ ಸೂಚಿಸಿದನು. ಸಾಧನವನ್ನು ನಿರ್ಮಿಸಿದವನೇ ಅದರ ಎಲ್ಲೆಯನ್ನೂ ತೋರಿಸಿದನು. ಆತನ ದೊಡ್ಡತನವು ಇದರಲ್ಲಿಯೇ ಇದೆಯೆಂದು ನಾವು ಭಾವಿಸುತ್ತೇವೆ.

ಅಷ್ಟರಲ್ಲಿ ಕಷ್ಟವು ಮತ್ತೊಮ್ಮೆ ಬಂದೆರಗಿತ್ತು. ಸ್ವೀಡನ್ನಿನ ಅರಸನು ಪೋಲೆಂಡಿನ ಮೇಲೆ ದಂಡೆತ್ತಿ ಬಂದಾಗ, ಲೆಷ್ನೊಗೆ ಹಿಂದಿರುಗಿದ್ದ ಕೊಮೇನಿಯಸನು ಆತನನ್ನು ಹೊಗಳಿ ಬರೆದು ಅವಿವೇಕ ಮಾಡಿದ್ದನು. 1656ರಲ್ಲಿ ಆ ಪಟ್ಟಣವು ಬೆಂಕಿಗೆ ಆಹುತಿಯಾಗಲು, ಆತನ ಮನೆ, ಪುಸ್ತಕಗಳು, ನಲವತ್ತು ವರ್ಷಗಳಿಗೂ ಮಿಕ್ಕಿ ಬೆವರು ಸುರಿಸಿ ಸಂಗ್ರಹಿಸಿದ ತಾಯ್ನುಡಿಯ ನಿಘಂಟು, ಎಲ್ಲವೂ ಬೂದಿಯಾದುವು. ಅರುವತ್ತನಾಲ್ಕರ ಮುಪ್ಪಿನಲ್ಲಿ ಆಮ್‌ಸ್ಟರ್‌ಡಾಮ್ ನಗರದ ಆಶ್ರಯವನ್ನು ಪಡೆದ ಆತನು ಎದೆಗುಂದದೆ, ಮರುವರ್ಷವೇ ತನ್ನ ಬೋಧನಗ್ರಂಥಗಳನ್ನೆಲ್ಲ ಒಟ್ಟುಗೂಡಿಸಿ ಅಚ್ಚುಮಾಡಿಸಿದನು. ತನ್ನ ಸಭೆಯ ಕಡೆಯ ಬಿಷಪರಲ್ಲಿ ಒಬ್ಬನಾಗಿ ಬಾಳಿ, 1670ನೆಯ ಇಸವಿ ನವೆಂಬರ್ 15ರಂದು ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ದೈವಾಧೀನನಾದನು. ಆತನ ಸಮಾಧಿಯು ಹಾಲೆಂಡಿನ ನಾರ್ಡೆನ್ ಎಂಬ ಊರಿನಲ್ಲಿದೆ. ಆತನನ್ನು ಹೊರಗಟ್ಟಿದ ನಾಡು ಇಂದು ಆತನ ಜನ್ಮದಿನವನ್ನೇ ಉಪಾಧ್ಯಾಯರ ದಿನವಾಗಿ ಆಚರಿಸುತ್ತದೆ.

ಈಗ ನಮ್ಮ ಪ್ರಶ್ನೆಗೆ ಬರೋಣ. ಪಾಠಾಭ್ಯಾಸಕ್ಕೆಂದು ಒಂದು ತರಗತಿಗೆ ಹೋಗಿದ್ದಾಗ, ಬೀಜವು ಮೊಳೆಯುವ ಬಗೆಯನ್ನು ಪರದೆಯ ಮೇಲೆ ಅಂದವಾಗಿ ತೋರಿಸಿದೆವು. ಮಕ್ಕಳು ಸದ್ದಿಲ್ಲದೆ ನೋಡಿದರು. ಒಬ್ಬರೂ ಏನನ್ನೂ ಕೇಳಲಿಲ್ಲ. ಪಾಠವು ಗೆದ್ದಿತೆಂದು ಹಿಗ್ಗಿದೆವು. ಮರುದಿನ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟಿದ್ದ ಹೆಸರುಕಾಳನ್ನು ಬಿಚ್ಚಿ ಮಕ್ಕಳ ಅಂಗೈಗೆ ಹಾಕಿದಾಗ, ಕೊನೆಯ ಬೆಂಚಿನಲ್ಲಿ ಎಂದೂ ಬಾಯಿಬಿಡದ ಹುಡುಗಿಯೊಬ್ಬಳು, ಮೊಳಕೆಯು ಯಾವಾಗಲೂ ಕೆಳಗಡೆಗೇ ಏಕೆ ಬಾಗುತ್ತದೆಂದು ಕೇಳಿಬಿಟ್ಟಳು. ಅದಕ್ಕೆ ಉತ್ತರ ಹೇಳಲು ನಾವು ಮತ್ತೆ ಪರದೆಯನ್ನು ಬೆಳಗಿಸಿ, ಬೇರಿನ ಒಳಗನ್ನು ತೋರಿಸಬೇಕಾಯಿತು. ಈ ಬಾರಿ ಆಕೆಯು ಕಣ್ಣರಳಿಸಿ ನೋಡಿದಳು. ಸಾಧನವೂ ಬೇಕು, ವಸ್ತುವೂ ಬೇಕು. ಆದರೆ ಯಾವುದು ಯಾವಾಗ ಬೇಕೆಂಬುದನ್ನು ಮಗುವಿನ ಮುಖವನ್ನು ನೋಡಿಯೇ ತಿಳಿಯಬೇಕು. ಉಪಾಧ್ಯಾಯಿನಿಗೆ ಉಳಿದಿರುವ ಕೆಲಸವು ಇದೇ. ಇದು ಚಿಕ್ಕ ಕೆಲಸವಲ್ಲ.

ಹಳೆಯ ವಿದ್ಯಾರ್ಥಿನಿಯರೇ, ತಂದೆತಾಯಿಗಳೇ! ನಮ್ಮ ಶಾಲೆಗೆ ಹೊಸ ಸಾಧನಗಳು ಬರುವಂತೆ ನೀವು ಉದಾರವಾಗಿ ನೆರವಾಗಬೇಕೆಂದು ಬೇಡುತ್ತೇವೆ. ಜೊತೆಗೆ, ಮನೆಯಲ್ಲಿ ಮಗುವಿನ ಕೈಗೆ ಮೊಬೈಲನ್ನು ಕೊಡುವ ಮೊದಲು ಒಂದು ಹಿಡಿ ಕಾಳನ್ನೂ ಕೊಡಿರಿ. ಅದು ಕೇಳುವ ಪ್ರಶ್ನೆಗೆ ಕಿವಿಗೊಡಿರಿ. ಕೊಮೇನಿಯಸನು ಹೇಳಿದ ಮಡಿಲ ಪಾಠಶಾಲೆಯು ನಿಮ್ಮದು. ಅಲ್ಲಿಂದ ಪ್ರಶ್ನೆಗಳನ್ನು ಹೊತ್ತು ಬರುವ ಮಕ್ಕಳಿಗಾಗಿ ನಾವು ಕಾದಿರುತ್ತೇವೆ.