ಕಾಗೋಡಿನ ಕೊಳಗ ಮತ್ತು ಶಾಂತವೇರಿ ಗೋಪಾಲಗೌಡರು



ಇಂದಿನ ಚಿಂತನೆಗೆ ನಮ್ಮ ತಾಲೂಕಿನವರನ್ನೇ ಆರಿಸಿಕೊಂಡಿದ್ದೇನೆ. ಮೇಗರವಳ್ಳಿಯ ಕಡೆ ಹೈಸ್ಕೂಲು ಮಕ್ಕಳಿಗೆ ನಾನು ಸಮಾಜ ವಿಜ್ಞಾನ ಹೇಳಿಕೊಡುವುದು ನಿಮಗೆ ಗೊತ್ತೇ ಇದೆ. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಎಂದು ಬೋರ್ಡಿನ ಮೇಲೆ ಬರೆದರೆ ಮಕ್ಕಳು ನೋಟ್ಸ್ ಬರೆದುಕೊಳ್ಳುತ್ತಾರೆ, ಅಷ್ಟೆ. ಶಾಂತವೇರಿ ಗೋಪಾಲಗೌಡರ ಜೀವನ ಹೇಳಿದರೆ ಪ್ರಶ್ನೆ ಕೇಳುತ್ತಾರೆ. ಅಂಥ ಎರಡು ಪ್ರಶ್ನೆಗಳನ್ನು ನಮ್ಮ ಬಳಗವೂ ಯೋಚಿಸಬೇಕು ಅನ್ನಿಸಿತು.

ಗೋಪಾಲಗೌಡರು ಹುಟ್ಟಿದ್ದು 1923ರ ಮಾರ್ಚ್ 14ರಂದು. ಒಕ್ಕಲಿಗರ ಮನೆ, ಆದರೆ ಜಮೀನ್ದಾರರ ಮನೆಯಲ್ಲ, ಬಡತನದ್ದು. 1942ರ ಚಳವಳಿಯಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಜೈಲು ಕಂಡರು. ಆಮೇಲೆ ಸಮಾಜವಾದಿ ಪಕ್ಷದ ಕೆಲಸಕ್ಕೆ ಇಳಿದವರು ಕೊನೆಯತನಕ ಅದರಿಂದ ಮೇಲೇಳಲಿಲ್ಲ.

ಅವರ ಹೆಸರು ಮನೆಮಾತಾದದ್ದು ಸಾಗರ ತಾಲೂಕಿನ ಕಾಗೋಡಿನಿಂದ. ಅಲ್ಲಿ ಗೇಣಿ ಮಾಡುತ್ತಿದ್ದವರು ಹೆಚ್ಚಾಗಿ ದೀವರು. ಗೇಣಿಯ ಭತ್ತವನ್ನು ಕೊಳಗದಲ್ಲಿ ಅಳೆದು ಒಡೆಯರಿಗೆ ಕೊಡಬೇಕು. ಆ ಕೊಳಗ ಇರಬೇಕಾದ ಅಳತೆಗಿಂತ ದೊಡ್ಡದು ಎಂಬುದೇ ಜಗಳದ ಮೂಲ. ಈ ಪಾಠಕ್ಕೆ ನಾನು ಸಣ್ಣದೊಂದು, ದೊಡ್ಡದೊಂದು ಪಾತ್ರೆ ತೆಗೆದುಕೊಂಡು ಹೋಗುತ್ತೇನೆ. ಒಂದು ಸಲ ಅಳೆದರೆ ಎರಡು ಮುಷ್ಟಿ ಹೆಚ್ಚು ಹೋಗುತ್ತದೆ, ನೂರು ಸಲ ಅಳೆದರೆ ಎಷ್ಟು ಎಂದು ಲೆಕ್ಕ ಮಾಡಿಸುತ್ತೇನೆ. ಶೋಷಣೆ ಎಂಬ ಪದವನ್ನು ನಾನು ಬಳಸಬೇಕಾಗಿ ಬರುವುದೇ ಇಲ್ಲ.

ಅಳತೆಯನ್ನು ಪ್ರಶ್ನಿಸಿದ ಒಕ್ಕಲುಗಳಿಗೆ ಗದ್ದೆ ತಪ್ಪಿತು. ಎಚ್. ಗಣಪತಿಯಪ್ಪನವರು ಅವರನ್ನು ಸಂಘಟಿಸಿದರು. 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಶುರುವಾಯಿತು. ತಾವು ಉಳುತ್ತಿದ್ದ ಗದ್ದೆಗೇ ಇಳಿದು ನೇಗಿಲು ಹೂಡುವುದು, ಪೊಲೀಸರು ಹಿಡಿದುಕೊಂಡು ಹೋಗುವುದು, ಮರುದಿನ ಇನ್ನೊಂದು ತಂಡ ಇಳಿಯುವುದು. ಗೋಪಾಲಗೌಡರು ಮತ್ತು ಅವರ ಸಂಗಾತಿಗಳು ಅದಕ್ಕೆ ಹೆಗಲು ಕೊಟ್ಟರು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು ಬಂಧಿತರಾದ ಮೇಲೆ ಕಾಗೋಡಿನ ಹೆಸರು ದೇಶಕ್ಕೆಲ್ಲ ತಿಳಿಯಿತು.

ಹತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದುನಿಂತು ಕೇಳಿದ್ದು ಇಲ್ಲಿ. 1949ರ ನವೆಂಬರ್ 25ರ ಭಾಷಣದಲ್ಲಿ ಬಾಬಾಸಾಹೇಬರು, ಸಂವಿಧಾನದ ದಾರಿ ತೆರೆದಿರುವಾಗ ಸತ್ಯಾಗ್ರಹದಂಥ ದಾರಿಗಳನ್ನು ಬಿಡಬೇಕು ಎಂದಿದ್ದಾರಲ್ಲ, ಸಂವಿಧಾನ ಬಂದ ಮರುವರ್ಷವೇ ಕಾಗೋಡಿನಲ್ಲಿ ನಡೆದದ್ದು ತಪ್ಪಲ್ಲವೇ ಎಂದು.

ನನ್ನ ಉತ್ತರ ಇಸವಿಗಳಲ್ಲಿದೆ. ಸಂವಿಧಾನ ಜಾರಿಗೆ ಬಂದದ್ದು 1950ರ ಜನವರಿ 26ರಂದು. 326ನೇ ವಿಧಿ ಆಗ 21 ವರ್ಷ ತುಂಬಿದ ಎಲ್ಲರಿಗೂ ಮತದ ಹಕ್ಕು ಕೊಟ್ಟಿತು. ಆದರೆ ಆ ಹಕ್ಕು ಕಾಗೋಡಿನ ಗೇಣಿದಾರನ ಕೈಗೆ ಮತಪತ್ರವಾಗಿ ಬಂದದ್ದು ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ. ಅವನು ಗದ್ದೆಗೆ ಇಳಿದಾಗ ವಿಧಾನಸಭೆಯಲ್ಲಿ ಅವನು ಆರಿಸಿ ಕಳಿಸಿದವರು ಒಬ್ಬರೂ ಇರಲಿಲ್ಲ. ದಾರಿ ಕಾಗದದ ಮೇಲಿತ್ತು, ಕಾಲಿಗೆ ಇನ್ನೂ ಸಿಕ್ಕಿರಲಿಲ್ಲ. ಕೋರ್ಟು ಇರಲಿಲ್ಲವೇ, ಅರ್ಜಿ ಕೊಡಬಹುದಿತ್ತಲ್ಲವೇ ಎಂದು ನಮ್ಮ ಬಳಗದ ಹಿರಿಯರೊಬ್ಬರು ವಾದಿಸುತ್ತಾರೆ. ಅದೂ ತಳ್ಳಿಹಾಕುವ ಮಾತಲ್ಲ. ಮಕ್ಕಳ ಮುಂದೆ ಎರಡನ್ನೂ ಇಟ್ಟು, ನನ್ನದು ಯಾವುದು ಎಂದು ಬೇರೆಯಾಗಿ ಹೇಳುತ್ತೇನೆ.

ದಾರಿ ಕಾಲಿಗೆ ಸಿಕ್ಕ ಕೂಡಲೇ ಗೋಪಾಲಗೌಡರು ಅದನ್ನು ಹಿಡಿದರು. 1952ರಲ್ಲಿ ಸಾಗರ, ಹೊಸನಗರದ ಕಡೆಯಿಂದ ನಿಂತರು. ವಯಸ್ಸು ಮೂವತ್ತು ತುಂಬಿರಲಿಲ್ಲ. ಮತದ ಜೊತೆಗೆ ಖರ್ಚಿಗೆ ಕೈಲಾದ ದುಡ್ಡನ್ನೂ ಜನರಿಂದಲೇ ಕೇಳಿದರು, ಜನ ಕೊಟ್ಟು ಗೆಲ್ಲಿಸಿದರು. ಇಂದು ದುಡ್ಡು ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತದೆ ಎಂದು ಮಕ್ಕಳಿಗೆ ಹೇಳಿಕೊಡುವುದೇ ಬೇಡ, ಕೇಳಿದೊಡನೆ ನಗುತ್ತಾರೆ. ಅದೇ ಚುನಾವಣೆಯಲ್ಲಿ ಕಾಗೋಡಿನ ಭೂಮಾಲೀಕರಾದ ಕೆ.ಜಿ. ಒಡೆಯರ್ ಕಾಂಗ್ರೆಸ್ಸಿನಿಂದ ಲೋಕಸಭೆಗೆ ಗೆದ್ದರು. ಅದೇ ಚುನಾವಣೆಯಲ್ಲಿ ಬಾಬಾಸಾಹೇಬರು ಮುಂಬಯಿಯಲ್ಲಿ ಸೋತರು. ಇವು ಮೂರನ್ನೂ ಒಟ್ಟಿಗೆ ಹೇಳಿ ನಾನು ಸ್ವಲ್ಪ ಹೊತ್ತು ಸುಮ್ಮನಿರುತ್ತೇನೆ.

1957ರಲ್ಲಿ ಗೋಪಾಲಗೌಡರೂ ಸೋತರು. 1962 ಮತ್ತು 1967ರಲ್ಲಿ ನಮ್ಮ ತೀರ್ಥಹಳ್ಳಿ ಕ್ಷೇತ್ರದಿಂದ ಮತ್ತೆ ಗೆದ್ದರು. ಉಳುವವನ ಭೂಮಿ, ಸದನದಲ್ಲಿ ಕನ್ನಡ, ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು, ಇವೇ ಅವರ ಪಟ್ಟು. 1972ರ ಜೂನ್ 9ರಂದು ತೀರಿಕೊಂಡಾಗ ವಯಸ್ಸು 49. ಹೆಸರು ಬದಲಾದದ್ದು 1973ರ ನವೆಂಬರ್ 1ರಂದು. ದೇವರಾಜ ಅರಸರ ಸರ್ಕಾರದ ಭೂಸುಧಾರಣೆ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಎರಡನ್ನೂ ಅವರು ನೋಡಲಿಲ್ಲ.

ಎರಡನೆಯ ಪ್ರಶ್ನೆ ನಮ್ಮ ಕೇರಿಯ ಹುಡುಗನದು. ಆ ಕಾನೂನಿನಿಂದ ತನ್ನ ಅಜ್ಜನಿಗೆ ಏನು ಸಿಕ್ಕಿತು ಎಂದು ಕೇಳಿದ. ಕಾನೂನು ಗದ್ದೆ ಕೊಟ್ಟದ್ದು ಗೇಣಿ ಮಾಡುತ್ತಿದ್ದವರಿಗೆ. ಗೇಣಿಯವರ ಗದ್ದೆಯಲ್ಲಿ ಕೂಲಿ ಮಾಡುತ್ತಿದ್ದವರಿಗೆ ಬಹುಮಟ್ಟಿಗೆ ದಕ್ಕಿದ್ದು ಗುಡಿಸಲು ನಿಂತಿದ್ದ ಜಾಗ. ಮಲೆನಾಡಿನಲ್ಲಿ ಆ ಕೂಲಿಯವರು ಯಾರು ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಇದನ್ನು ಗೋಪಾಲಗೌಡರ ತಪ್ಪು ಎನ್ನಲು ನನಗೆ ಮನಸ್ಸಿಲ್ಲ, ಆದರೆ ಇದನ್ನು ಬಿಟ್ಟು ಅವರ ಕಥೆ ಹೇಳಿದರೆ ಅದು ಅರ್ಧ ಕಥೆ. ಬಾಬಾಸಾಹೇಬರು 1947ರಲ್ಲೇ ರಾಜ್ಯಗಳು ಮತ್ತು ಅಲ್ಪಸಂಖ್ಯಾತರು ಎಂಬ ಮನವಿಯಲ್ಲಿ ಇನ್ನೊಂದು ದಾರಿ ಹೇಳಿದ್ದರು. ಭೂಮಿ ಸರ್ಕಾರದ್ದಾಗಿ, ಜಾತಿ ನೋಡದೆ ಊರವರೆಲ್ಲ ಕೂಡಿ ಬೇಸಾಯ ಮಾಡಿದರೆ ಧಣಿ, ಗೇಣಿದಾರ, ಭೂಮಿ ಇಲ್ಲದ ಕೂಲಿ ಎಂಬ ಮೂರು ದರ್ಜೆಗಳೂ ಉಳಿಯುವುದಿಲ್ಲ ಎಂಬುದು ಅದರ ತಾತ್ಪರ್ಯ.

ನವೆಂಬರ್ 26ರ ಸಂವಿಧಾನ ದಿನಕ್ಕೆ ಮಕ್ಕಳ ಸದನ ನಡೆಸುತ್ತಿದ್ದೇವೆ. ವಿಷಯ ಕಾಗೋಡು. ಒಡೆಯರ ಕಡೆಗೊಂದು ಬೆಂಚು, ಗೇಣಿದಾರರ ಕಡೆಗೊಂದು. ಈ ಸಲ ಕೂಲಿಯವರಿಗೆ ಮೂರನೆಯ ಬೆಂಚು ಹಾಕಿಸಿದ್ದೇನೆ, ಅಲ್ಲಿ ಕೂರುವವರು ಯಾರು ಎಂದು ಚೀಟಿ ಎತ್ತುತ್ತೇವೆ, ಕೇರಿ ನೋಡಿ ಅಲ್ಲ. ಮತ ಹಾಕುವುದು ಭಿಕ್ಖು ಸಂಘದಲ್ಲಿದ್ದ ಹಾಗೆ ಶಲಾಕೆಯಿಂದ. ಬಿದಿರು ಕಡ್ಡಿಗಳನ್ನು ಮಕ್ಕಳೇ ಸೀಳಿ ತಂದಿದ್ದಾರೆ. ಆ 1947ರ ಮನವಿಯ ಕನ್ನಡ ಅನುವಾದ ಯಾರ ಬಳಿಯಾದರೂ ಇದ್ದರೆ ಭಾನುವಾರ ವಂದನೆಗೆ ಬರುವಾಗ ತನ್ನಿ. ಮೂರನೆಯ ಬೆಂಚಿನವರಿಗೆ ಜೆರಾಕ್ಸ್ ಮಾಡಿಸಿಕೊಂಡು ವಾಪಸ್ ಕೊಡುತ್ತೇನೆ.

ಜೈಭೀಮ್.