ಗಾಳಿಯ ಗತಿಯನ್ನರಿತ ಸತೀಶ ಧವನ್

ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಮೇಲೆ ಹದ್ದು ರೆಕ್ಕೆ ಬಡಿಯದೆ ತೇಲುವುದನ್ನು ಗುಂಡ್ಲುಪೇಟೆಯ ಸೀಮೆಯವರೂ ಚಾಮರಾಜನಗರದಿಂದ ಅಲ್ಲಿಗೆ ಹೋಗಿಬರುವವರೂ ಬಲ್ಲರು. ಗಾಳಿಗೆ ಮಣಿಯುತ್ತಲೇ ಗಾಳಿಯನ್ನು ಆಳುವ ಆ ರೆಕ್ಕೆಗೂ ಪ್ಯಾರಾಷೂಟಿನ ಬಟ್ಟೆಗೂ ಒಂದು ನಂಟುಂಟು. ಎರಡಕ್ಕೂ ರೂಪ ಕೊಡುವುದರಲ್ಲಿ ಗಾಳಿಯ ಪಾಲಿದೆ. ಈ ಗಾಳಿಯ ಗತಿಯನ್ನು ಅರಿಯುವುದಕ್ಕೆ ಬಾಳನ್ನು ಮುಡಿಪಾಗಿಟ್ಟು, ಕನ್ನಡ ನಾಡನ್ನೇ ಕರ್ಮಭೂಮಿಯಾಗಿ ಮಾಡಿಕೊಂಡವರು ಪ್ರೊ. ಸತೀಶ ಧವನ್.

ಶ್ರೀನಗರದಲ್ಲಿ 1920ರ ಸೆಪ್ಟೆಂಬರ್ 25ರಂದು ಜನಿಸಿದ ಧವನರು ಗಣಿತ, ಭೌತವಿಜ್ಞಾನಗಳನ್ನೂ ಇಂಗ್ಲಿಷ್ ಸಾಹಿತ್ಯವನ್ನೂ ಯಂತ್ರಶಿಲ್ಪವನ್ನೂ ವ್ಯಾಸಂಗ ಮಾಡಿದರು. ಸಾಹಿತ್ಯದ ಎಂ.ಎ. ಪದವೀಧರರೊಬ್ಬರು ವಾಯುಗತಿವಿಜ್ಞಾನದ ಆಚಾರ್ಯರಾದುದು ನಮ್ಮ ವಿದ್ಯಾರ್ಥಿಗಳು ನೆನೆಯತಕ್ಕ ಸಂಗತಿ. ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಹಾನ್ಸ್ ಲೀಪ್‌ಮನ್ನರ ಶಿಷ್ಯರಾಗಿ 1951ರಲ್ಲಿ ಡಾಕ್ಟರೇಟ್ ಪಡೆದರು. ಹರಿಯುವ ಗಾಳಿ ವಸ್ತುವಿನ ಮೈಯನ್ನು ಎಷ್ಟು ಬಲದಿಂದ ಉಜ್ಜುತ್ತದೆಂಬುದನ್ನು, ಸಡಿಲವಾಗಿ ಕೂರಿಸಿದ ಸಣ್ಣ ಫಲಕವೊಂದರ ಮೂಲಕ ನೇರವಾಗಿ ಅಳೆದುದು ಅವರ ಅಂದಿನ ಸಾಧನೆ.

ಅದೇ ವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿ, ಅಲ್ಲಿ ದೇಶದ ಮೊದಲ ಶಬ್ದಾತೀತ ವಾಯುಸುರಂಗವನ್ನು ಕಟ್ಟಿದರು. ಶಬ್ದವನ್ನು ಮೀರಿದ ವೇಗದಲ್ಲಿ ಗಾಳಿಯ ಸ್ವಭಾವವೇ ಬೇರೆ. ಬರುತ್ತಿರುವ ವಸ್ತುವಿನ ಸುಳಿವು ಮುಂದಿನ ಗಾಳಿಗೆ ಮೊದಲೇ ತಲುಪದು. ಎದುರಿನಲ್ಲಿ ಆಘಾತತರಂಗ ಏಳುತ್ತದೆ. ಗಟ್ಟಿ ಲೋಹ ಅದನ್ನು ತಾಳಿಕೊಂಡೀತು. ಬಟ್ಟೆಯ ಕೊಡೆಯಾದರೋ ಆ ತರಂಗದ ಓಲಾಟಕ್ಕೂ, ತನ್ನ ಮುಂದೆ ಸಾಗುವ ಕೋಶ ಎಬ್ಬಿಸಿದ ಸುಳಿಗಳಿಗೂ ಸಿಕ್ಕಿ ಅರಳುತ್ತ ಮುದುಡುತ್ತ ತತ್ತರಿಸುತ್ತದೆ; ಹರಿದುಹೋಗಲೂಬಹುದು. ಆದುದರಿಂದ ಆಕಾಶದಿಂದ ಮರಳುವ ಕೋಶದ ವೇಗವನ್ನು ಮೊದಲು ಅದರ ಮೊಂಡು ಮೈಯಿಂದಲೇ ತಗ್ಗಿಸಿ, ಬಳಿಕ ಚಿಕ್ಕ ಕೊಡೆಯನ್ನೂ ಕೊನೆಗೆ ದೊಡ್ಡ ಕೊಡೆಯನ್ನೂ ಬಿಚ್ಚುವುದು ವಾಡಿಕೆ.

1962ರಲ್ಲಿ ಧವನರು ಸಂಸ್ಥೆಯ ನಿರ್ದೇಶಕರಾದರು. ಹತ್ತು ವರ್ಷಗಳ ಬಳಿಕ ಪ್ರಧಾನಿ ಇಂದಿರಾ ಗಾಂಧಿಯವರು ಬಾಹ್ಯಾಕಾಶ ಕಾರ್ಯದ ಹೊಣೆಯನ್ನು ವಹಿಸಿದಾಗ, ಅದರ ಕೇಂದ್ರ ಕಚೇರಿ ಬೆಂಗಳೂರಿನಲ್ಲಿರಬೇಕು, ತಾವು ನಿರ್ದೇಶಕರಾಗಿಯೂ ಮುಂದುವರಿಯಬೇಕು ಎಂದು ಕೇಳಿ ಪಡೆದರು. 1979ರ ಆಗಸ್ಟ್ 10ರಂದು ಎಸ್‌ಎಲ್‌ವಿ-3 ರಾಕೆಟ್ಟು ಸಮುದ್ರಕ್ಕೆ ಬಿತ್ತು. ಯೋಜನೆಯ ನಾಯಕ ಅಬ್ದುಲ್ ಕಲಾಮರನ್ನು ಮುಂದೆ ದೂಡದೆ, ಪತ್ರಕರ್ತರೆದುರು ಸೋಲಿನ ಹೊಣೆಯನ್ನು ತಾವೇ ಹೊತ್ತರು. ಮರುವರ್ಷ ಜುಲೈ 18ರಂದು ಅದೇ ರಾಕೆಟ್ಟು ಗೆದ್ದಾಗ ಮಾತಾಡಲು ಕಲಾಮರನ್ನೇ ಕಳುಹಿಸಿದರು. ಶಬ್ದಾತೀತ ವೇಗವನ್ನು ಅಳೆದ ಈ ಆಚಾರ್ಯರು ಹಕ್ಕಿಗಳ ಹಾರಾಟದ ಮೇಲೂ ಒಂದು ಗ್ರಂಥ ಬರೆದರೆಂಬುದು ಅವರ ಕುತೂಹಲದ ಹರವನ್ನು ತೋರುತ್ತದೆ.

2002ರ ಜನವರಿ 3ರಂದು ಅವರು ತೀರಿಕೊಂಡರು. ಅದೇ ವರ್ಷ ಶ್ರೀಹರಿಕೋಟದ ಉಡಾವಣಾ ಕೇಂದ್ರಕ್ಕೆ ಅವರ ಹೆಸರಿಟ್ಟರು. ಅಲ್ಲಿಂದ 2007ರ ಜನವರಿ 10ರಂದು ಮೇಲೇರಿದ, ಸುಮಾರು 550 ಕಿಲೋಗ್ರಾಂ ತೂಕದ ಕೋಶವೊಂದು ಹನ್ನೆರಡು ದಿನಗಳ ಬಳಿಕ ಭೂಮಿಗೆ ಮರಳಿತು. ಐದು ಕಿಲೋಮೀಟರ್ ಎತ್ತರಕ್ಕೆ ಬರುವಷ್ಟರಲ್ಲಿ ಗಾಳಿಯ ತಡೆಯೊಂದರಿಂದಲೇ ಅದರ ವೇಗ ಸೆಕೆಂಡಿಗೆ 101 ಮೀಟರಿಗೆ ಇಳಿದಿತ್ತು. ಚಿಕ್ಕ ಕೊಡೆಗಳು ಅದನ್ನು 47ಕ್ಕೆ ತಂದವು. ದೊಡ್ಡ ಕೊಡೆ ಅರಳಿ, 12 ಮೀಟರ್ ವೇಗದಲ್ಲಿ ಕೋಶ ಬಂಗಾಳ ಕೊಲ್ಲಿಯನ್ನು ಮುಟ್ಟಿತು. ಏರಲು ಕಲಿತ ನಾಡು ಇಳಿಯಲೂ ಕಲಿತ ಆ ದಿನವನ್ನು ಕಾಣಲು ಧವನರು ಇರಲಿಲ್ಲ. ಆದರೆ ಆ ಕಲಿಕೆಗೆ ಬೇಕಾದ ವಿದ್ಯೆಯ ಬೀಜವನ್ನು ಅವರು ಅರ್ಧಶತಮಾನದ ಹಿಂದೆಯೇ ಬೆಂಗಳೂರಿನ ನೆಲದಲ್ಲಿ ಬಿತ್ತಿದ್ದರು.