ಸಾಗರ ವಿಜ್ಞಾನಿ ಡಾ. ಸೈಯದ್ ಜಹೂರ್ ಖಾಸಿಂ

ವಿದ್ಯಾರ್ಥಿಗಳೇ, ಜಮಖಂಡಿ, ರಬಕವಿ-ಬನಹಟ್ಟಿ, ಬೀಳಗಿಯವರಿಗೆ ಕೃಷ್ಣೆ ಗೊತ್ತು, ಮುಧೋಳದವರಿಗೆ ಘಟಪ್ರಭೆ ಗೊತ್ತು. ಸಮುದ್ರ ಕಂಡವರು ಕಡಿಮೆ. ಡಾ. ಸೈಯದ್ ಜಹೂರ್ ಖಾಸಿಂ ಅವರೂ ನದಿಯ ಊರಿನವರೇ. 1926ರ ಡಿಸೆಂಬರ್ 31ರಂದು ಗಂಗಾ-ಯಮುನೆಯರ ಸಂಗಮವಾದ ಅಲಹಾಬಾದಿನಲ್ಲಿ ಜನಿಸಿದರು.

ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಬ್ರಿಟನ್ನಿನ ವೇಲ್ಸ್‌ಗೆ ಹೋಗಿ ಕರಾವಳಿ ಮೀನುಗಳ ಮೇಲೆ ಸಂಶೋಧನೆ ಮಾಡಿ 1956ರಲ್ಲಿ ಪಿಎಚ್.ಡಿ. ಪಡೆದರು. ತಾಯ್ನಾಡಿಗೆ ಮರಳಿ ಅಲೀಗಢದಲ್ಲಿ ಪಾಠ ಹೇಳಿದರು. ಮುಂದೆ ಕೊಚ್ಚಿಗೆ ಬಂದರು.

ಅಲ್ಲಿ ಅವರು ಹಿಡಿದ ಪ್ರಶ್ನೆ ಸರಳವಾದದ್ದು: ಮೀನಿಗೆ ಆಹಾರ ಎಲ್ಲಿಂದ ಬರುತ್ತದೆ? ಕಣ್ಣಿಗೆ ಕಾಣದ ತೇಲುಸಸ್ಯಗಳು ಬಿಸಿಲಿನಿಂದ ಆಹಾರ ತಯಾರಿಸುತ್ತವೆ. ಅವುಗಳನ್ನು ಸಣ್ಣ ಜೀವಿಗಳು ತಿನ್ನುತ್ತವೆ, ಆ ಜೀವಿಗಳನ್ನು ಮೀನು ತಿನ್ನುತ್ತದೆ. ಕೊಚ್ಚಿಯ ಹಿನ್ನೀರಿನಲ್ಲಿ ಬೆಳಕು ಎಷ್ಟು ಆಳಕ್ಕೆ ಇಳಿಯುತ್ತದೆ, ಎಷ್ಟು ಆಹಾರ ಹುಟ್ಟುತ್ತದೆ ಎಂಬುದನ್ನು ಅವರು ಸಂಗಡಿಗರೊಡನೆ ಅಳೆದರು. 1969ರ ಆ ಪ್ರಬಂಧ ಅಳಿವೆಗಳ ಅಧ್ಯಯನಕ್ಕೆ ಬುನಾದಿಯಾಯಿತು.

1974ರಲ್ಲಿ ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. 1981ರ ಡಿಸೆಂಬರ್ 6ರಂದು ಗೋವಾದಿಂದ ಹೊರಟ 21 ಜನರ ತಂಡದ ನಾಯಕರಾಗಿ, 1982ರ ಜನವರಿ 9ರಂದು ಅಂಟಾರ್ಕ್ಟಿಕಾದಲ್ಲಿ ಇಳಿದರು. ಅದು ಭಾರತದ ಮೊದಲ ಯಾತ್ರೆ. 1988ರವರೆಗಿನ ಮುಂದಿನ ಯಾತ್ರೆಗಳಿಗೂ ಮಾರ್ಗದರ್ಶನ ನೀಡಿದರು. 1982ರಲ್ಲಿ ಪದ್ಮಭೂಷಣ ಸಂದಿತು. 1989ರಿಂದ 1991ರವರೆಗೆ ಜಾಮಿಯಾ ಮಿಲ್ಲಿಯಾದ ಕುಲಪತಿಯಾಗಿದ್ದರು. 2015ರ ಅಕ್ಟೋಬರ್ 20ರಂದು ನಿಧನರಾದರು.

ವಿಜ್ಞಾನ ಓದಿದರೆ ಡಾಕ್ಟರ್ ಇಲ್ಲವೇ ಇಂಜಿನಿಯರ್ ಎಂದಷ್ಟೇ ಎಣಿಸುವ ಪಾಲಕರು ಈ ಜೀವನವನ್ನು ಗಮನಿಸಬೇಕು. ಘಟಪ್ರಭೆ ಕೃಷ್ಣೆಯನ್ನು ಸೇರುತ್ತದೆ, ಕೃಷ್ಣೆ ಬಂಗಾಳಕೊಲ್ಲಿಯನ್ನು. ಮಕ್ಕಳೇ, ನದಿಯ ಒಂದು ಹನಿ ನೀರನ್ನು ಶಾಲೆಯ ಸೂಕ್ಷ್ಮದರ್ಶಕದಲ್ಲಿ ನೋಡಿರಿ. ಸಾಗರದ ಪಾಠ ಅಲ್ಲಿಂದಲೇ ಆರಂಭ.